ಓದುಗರ ಪ್ರಶ್ನೆ, ನಮ್ಮ ಉತ್ತರ: ಟಿ.ವಿ.ಯ ಧ್ವನಿ ಕೇಳುಗನ ಕೈಗೆ ಬಂದಾಗ

ಕಳೆದ ಸಂಚಿಕೆಯ ವಿಜ್ಞಾನ ಪುಟದಲ್ಲಿ ಎಂಪೆಗ್-ಎಚ್ ಮತ್ತು ಎಸಿ-4 ಎಂಬ ಎರಡು ಧ್ವನಿ ಸಂಕೇತನ ಮಾನಕಗಳ (ಧ್ವನಿಯನ್ನು ಕುಗ್ಗಿಸಿ ಕಳುಹಿಸುವ ಒಪ್ಪಿತ ಕ್ರಮಗಳ) ಬಗ್ಗೆ ಚಿಕ್ಕ ಟಿಪ್ಪಣಿಯೊಂದು ಬಂದಿತ್ತು. ಟಿ.ವಿ.ಯ ಧ್ವನಿ ನಾಲ್ಕೂ ಕಡೆಯಿಂದ, ತಲೆಯ ಮೇಲಿನಿಂದಲೂ ಕೇಳಿಸುವಂತೆ ಮಾಡುವುದು ಮತ್ತು ಕೇಳುಗ ಅದನ್ನು ತನಗೆ ಬೇಕಾದಂತೆ ಹೊಂದಿಸಿಕೊಳ್ಳಲು ಅವಕಾಶ ಕೊಡುವುದು ಇವೆರಡರ ಉದ್ದೇಶ ಎಂದು ಅದರಲ್ಲಿ ಹೇಳಲಾಗಿತ್ತು. ಕಾಸರಗೋಡಿನಿಂದಲೂ ಬೇರೆ ಗಡಿ ಪ್ರದೇಶಗಳಿಂದಲೂ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಧಾರಾವಾಹಿಗಳಲ್ಲಿ ಹಿನ್ನೆಲೆ ಸಂಗೀತದ ಅಬ್ಬರಕ್ಕೆ ಮಾತೇ ಕೇಳಿಸುವುದಿಲ್ಲ. ವಾಲ್ಯೂಮ್ ಏರಿಸಿದರೆ ಸಂಗೀತವೂ ಏರುತ್ತದೆ. ಹೊಸ ವಿಧಾನದಲ್ಲಿ ಮಾತನ್ನು ಮಾತ್ರ ಏರಿಸಿಕೊಳ್ಳಬಹುದೆ?
— ನಿವೃತ್ತ ಶಿಕ್ಷಕಿ, ಬದಿಯಡ್ಕ

ಏರಿಸಿಕೊಳ್ಳಬಹುದು. ನನ್ನ ದೃಷ್ಟಿಯಲ್ಲಿ ಈ ಮಾನಕಗಳ ಅತ್ಯಂತ ದೊಡ್ಡ ಉಪಕಾರ ಇದೇ. ಚಾವಣಿಗೆ ಸ್ಪೀಕರ್ ತೂಗುಹಾಕುವುದು ಆಮೇಲಿನ ಮಾತು.

ಇಂದಿನ ಪ್ರಸಾರದಲ್ಲಿ ಸಂಭಾಷಣೆ, ಸಂಗೀತ, ಪರಿಸರದ ಸದ್ದು ಎಲ್ಲವನ್ನೂ ಸ್ಟುಡಿಯೋದಲ್ಲಿಯೇ ಬೆರೆಸಿ, ಎಡ-ಬಲ ಎಂಬ ಎರಡು ಧ್ವನಿ ಚಾನಲ್‌ಗಳಲ್ಲಿ (ಒಂದೊಂದು ಸ್ಪೀಕರ್‌ಗೆ ಒಂದೊಂದು ಧಾರೆ) ಅಥವಾ 5.1ರ, ಅಂದರೆ ಸುತ್ತಲೂ ಐದು ಮತ್ತು ತಗ್ಗಿನ ಸ್ವರಗಳಿಗೆ ಒಂದರಂತೆ, ಆರು ಚಾನಲ್‌ಗಳಲ್ಲಿ ಕಳುಹಿಸುತ್ತಾರೆ. ಅರೆದ ಚಟ್ನಿಯಿಂದ ತೆಂಗಿನಕಾಯಿಯನ್ನು ಹೊರತೆಗೆಯಲಾಗದಂತೆ, ಬೆರೆತ ಮೇಲೆ ಮಾತನ್ನು ಪೂರ್ತಿಯಾಗಿ ಬೇರ್ಪಡಿಸುವುದು ನಿಮ್ಮ ಟಿ.ವಿ.ಗೆ ಸಾಧ್ಯವಾಗುವುದಿಲ್ಲ. ಎಂಪೆಗ್-ಎಚ್‌ನಲ್ಲಿಯೂ ಎಸಿ-4ರಲ್ಲಿಯೂ ಸಂಭಾಷಣೆಯನ್ನು ಉಳಿದ ಧ್ವನಿಯೊಡನೆ ಬೆರೆಸದೆ, ಸ್ವತಂತ್ರ ‘ಆಬ್ಜೆಕ್ಟ್’ ಆಗಿ ಕಳುಹಿಸಲು ಅವಕಾಶವಿದೆ. ಅದು ಎಲ್ಲಿಂದ ಕೇಳಿಸಬೇಕು, ಎಷ್ಟು ಮಟ್ಟದಲ್ಲಿರಬೇಕು, ಯಾವ ಭಾಷೆಯದು, ಕೇಳುಗ ಅದನ್ನು ಎಷ್ಟು ಡೆಸಿಬಲ್‌ವರೆಗೆ ಏರಿಸಬಹುದು ಅಥವಾ ಇಳಿಸಬಹುದು ಎಂಬ ವಿವರಗಳು ಮೆಟಾಡೇಟಾ ರೂಪದಲ್ಲಿ ಅದರ ಜೊತೆಗೇ ಬರುತ್ತವೆ. ಕೊನೆಯ ಬೆರಕೆ ನಡೆಯುವುದು ನಿಮ್ಮ ಮನೆಯ ಟಿ.ವಿ.ಯೊಳಗೆ. ಆದರೆ ಮಿತಿಯನ್ನು ಪ್ರಸಾರಕರೇ ನಿಗದಿಪಡಿಸುತ್ತಾರೆ ಎಂಬುದನ್ನು ಗಮನಿಸಬೇಕು: ಅವರು ಅನುಮತಿ ಕೊಡದಿದ್ದರೆ ರಿಮೋಟ್‌ನಲ್ಲಿ ಆ ಆಯ್ಕೆ ಕಾಣಿಸುವುದೇ ಇಲ್ಲ. ಎಸಿ-4ರಲ್ಲಿ ಇನ್ನೊಂದು ದಾರಿಯೂ ಇದೆ. ಬೆರೆಸಿದ ಧ್ವನಿಯನ್ನೇ ಕಳುಹಿಸಿ, ಅದರಲ್ಲಿ ಮಾತಿನ ಪಾಲು ಎಲ್ಲೆಲ್ಲಿ ಎಷ್ಟೆಷ್ಟು ಎಂಬ ಸೂಚನೆಗಳನ್ನು ಪಕ್ಕದಲ್ಲಿ ಸೇರಿಸಿದರೆ, ಟಿ.ವಿ. ಆ ಸೂಚನೆಗಳ ಆಧಾರದಿಂದ ಮಾತನ್ನು ಎತ್ತಿ ತೋರಿಸುತ್ತದೆ.

ಇದು ಬರೀ ಕಾಗದದ ಮೇಲಿನ ಯೋಜನೆಯಲ್ಲ. 2011ರ ವಿಂಬಲ್ಡನ್ ಟೆನ್ನಿಸ್ ಸಮಯದಲ್ಲಿ ಬಿಬಿಸಿ ನಡೆಸಿದ ಪ್ರಯೋಗದಲ್ಲಿ ಕೇಳುಗರು ವೀಕ್ಷಕವಿವರಣೆಯ ಮತ್ತು ಅಂಕಣದ ಸದ್ದಿನ ಪ್ರಮಾಣವನ್ನು ತಾವೇ ಹೊಂದಿಸಿಕೊಂಡರು. ಕೆಲವರು ವಿವರಣೆಯನ್ನು ಮೇಲಕ್ಕೆ ತಂದರೆ, ಇನ್ನು ಕೆಲವರು ಅಂಕಣದ ಸದ್ದನ್ನೇ ಹೆಚ್ಚಿಸಿಕೊಂಡರು. ಎಲ್ಲರಿಗೂ ಹಿಡಿಸುವ ಒಂದೇ ಬೆರಕೆ ಇಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. 2019ರಲ್ಲಿ ಅದೇ ಸಂಸ್ಥೆ ವೈದ್ಯಕೀಯ ಧಾರಾವಾಹಿಯೊಂದರ ಕಂತಿಗೆ ಒಂದೇ ಒಂದು ಗುಬುಟನ್ನು ಜೋಡಿಸಿ ಪರೀಕ್ಷಿಸಿತು. ಅದನ್ನು ಒಂದು ಕಡೆಗೆ ಸರಿಸಿದಂತೆ ಕಥೆಗೆ ಅಗತ್ಯವಿಲ್ಲದ ಸದ್ದುಗಳು ಹಿಂದೆ ಸರಿಯುತ್ತಿದ್ದವು. ಆದರೆ ಕಥೆಯ ತಿರುವನ್ನು ಸೂಚಿಸುವ ಸದ್ದುಗಳು ಮಾತಿನೊಡನೆ ಉಳಿಯುತ್ತಿದ್ದವು.

ವಯಸ್ಸಾದಂತೆ ಮೊದಲು ಮಂಕಾಗುವುದು ಹೆಚ್ಚಿನ ಕಂಪನಾಂಕದ ಶ್ರವಣ. ಸ, ಶ, ತ, ಕ ಮೊದಲಾದ ವ್ಯಂಜನಗಳ ಸ್ಪಷ್ಟತೆ ಇರುವುದು ಅಲ್ಲಿಯೇ. ಆದ್ದರಿಂದ ಮಾತು ಕೇಳಿಸಿದರೂ ಅರ್ಥವಾಗದೆ ಹೋಗುತ್ತದೆ, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಸದ್ಯಕ್ಕೆ ನಿಮ್ಮ ಟಿ.ವಿ.ಯ ಧ್ವನಿ ಆಯ್ಕೆಗಳಲ್ಲಿ ‘ಸ್ಪೀಚ್’ ಅಥವಾ ‘ಕ್ಲಿಯರ್ ವಾಯ್ಸ್’ ಎಂಬಂಥದ್ದಿದ್ದರೆ ಅದನ್ನು ಹಾಕಿ ನೋಡಿ. ತೆಳ್ಳನೆಯ ಟಿ.ವಿ.ಗಳ ಸ್ಪೀಕರ್‌ಗಳು ಕೆಳಗೆ ಅಥವಾ ಹಿಂದಕ್ಕೆ ಮುಖ ಮಾಡಿರುವುದರಿಂದ, ನಿಮ್ಮ ಕಡೆಗೆ ಮುಖ ಮಾಡಿದ ಒಂದು ಸಣ್ಣ ಸ್ಪೀಕರ್ ಕೂಡ ಸಾಕಷ್ಟು ವ್ಯತ್ಯಾಸ ತರುತ್ತದೆ.

ನಮ್ಮ ಮನೆಯಲ್ಲಿ ಕ್ರಿಕೆಟ್ ನೋಡುವಾಗ ಕನ್ನಡ ವಿವರಣೆ ಬೇಕೆನ್ನುವವರೂ ಮಲಯಾಳ ಬೇಕೆನ್ನುವವರೂ ಇದ್ದಾರೆ. ತುಳುವಿನಲ್ಲಿದ್ದರೆ ಎಲ್ಲರೂ ಸಂತೋಷಪಟ್ಟಾರು. ಒಂದೇ ಚಾನಲ್‌ನಲ್ಲಿ ಇವೆಲ್ಲ ಬರಬಹುದೆ?
— ವ್ಯಾಪಾರಿ, ಕುಂಬಳೆ

ಬಹುಭಾಷಿಕ ನೆಲದಲ್ಲಿ ಬದುಕುವ ನಮಗೆ ಈ ಮಾನಕಗಳು ಹೇಗೆ ಒದಗುತ್ತವೆ ಎಂಬುದನ್ನು ನಿಮ್ಮ ಪ್ರಶ್ನೆ ಸರಿಯಾಗಿ ಹಿಡಿದಿದೆ. ಈಗ ಕನ್ನಡ ವಿವರಣೆಗೆ ಒಂದು ಚಾನಲ್, ತಮಿಳಿಗೆ ಇನ್ನೊಂದು ಎಂದು ಪ್ರತ್ಯೇಕ ಚಾನಲ್‌ಗಳೇ ನಡೆಯುತ್ತವೆ. ದೃಶ್ಯ ಒಂದೇ ಆದರೂ ಅದನ್ನು ಪ್ರತಿ ಭಾಷೆಗೂ ಮತ್ತೆ ಕಳುಹಿಸಬೇಕಾಗುತ್ತದೆ. ಒಂದೇ ಚಾನಲ್‌ನೊಳಗೆ ಎರಡು ಮೂರು ಆಡಿಯೋ ಟ್ರ್ಯಾಕ್ ಇಡುವ ಪದ್ಧತಿಯೂ ಇದೆ, ಆದರೆ ಅಲ್ಲಿಯೂ ಪ್ರತಿ ಟ್ರ್ಯಾಕ್‌ನಲ್ಲಿ ಕ್ರೀಡಾಂಗಣದ ಸದ್ದನ್ನು ಮತ್ತೆ ಮತ್ತೆ ಸೇರಿಸಬೇಕು.

ಲೆಕ್ಕ ಹಾಕಿ ನೋಡೋಣ. ಕ್ರೀಡಾಂಗಣದ ಸುತ್ತಲಿನ ಗದ್ದಲವನ್ನು 5.1ರ ಆರು ಚಾನಲ್‌ಗಳಲ್ಲಿಯೂ ಮೇಲ್ಭಾಗದ ನಾಲ್ಕು ಚಾನಲ್‌ಗಳಲ್ಲಿಯೂ ಹಿಡಿದರೆ ಹತ್ತು ಸಂಕೇತಗಳಾಗುತ್ತವೆ (ಇಲ್ಲಿ ಸಂಕೇತ ಎಂದರೆ ಒಂದು ಧ್ವನಿ ಎಳೆ). ಮೂರು ಭಾಷೆಗಳಿಗೆ ಮೂರು ಪೂರ್ಣ ಬೆರಕೆ ಮಾಡಿದರೆ 30 ಸಂಕೇತಗಳು ಬೇಕು. ಗದ್ದಲವನ್ನು ಒಮ್ಮೆ ಮಾತ್ರ ಕಳುಹಿಸಿ, ಮೂರು ವಿವರಣೆಗಳನ್ನು ಮೂರು ಆಬ್ಜೆಕ್ಟ್‌ಗಳಾಗಿ ಸೇರಿಸಿದರೆ 13 ಸಾಕು. ಸೆಕೆಂಡಿಗೆ 48,000 ಮಾದರಿ (ಧ್ವನಿಯ ಕ್ಷಣಕ್ಷಣದ ಅಳತೆ), ಪ್ರತಿ ಮಾದರಿಗೆ 24 ಬಿಟ್ ಎಂದರೆ ಒಂದು ಸಂಕೇತಕ್ಕೆ 11.52 ಲಕ್ಷ ಬಿಟ್ ಆಗುತ್ತದೆ. ಕುಗ್ಗಿಸುವ ಮೊದಲು 30 ಸಂಕೇತಗಳಿಗೆ ಸೆಕೆಂಡಿಗೆ ಸುಮಾರು 34.6 ಮೆಗಾಬಿಟ್ ಬೇಕಾದರೆ 13ಕ್ಕೆ ಸುಮಾರು 15 ಮೆಗಾಬಿಟ್ ಸಾಕಾಗುತ್ತದೆ. ಸಂಕೇತನದ ನಂತರ ಇದು ಕೆಲವು ನೂರು ಕಿಲೋಬಿಟ್‌ಗಳಿಗೆ ಇಳಿಯುತ್ತದೆ. ಪ್ರಸಾರಕ್ಕಾಗಿ ಬಳಸುವ ಎಂಪೆಗ್-ಎಚ್‌ನ ‘ಲೋ ಕಾಂಪ್ಲೆಕ್ಸಿಟಿ’ ಪ್ರೊಫೈಲ್‌ನ ಮೂರನೆಯ ಹಂತದಲ್ಲಿ ಒಂದು ಪ್ರವಾಹದೊಳಗೆ (ಒಟ್ಟಿಗೆ ಹರಿದುಬರುವ ದತ್ತಾಂಶದೊಳಗೆ) 32 ಸಂಕೇತಗಳವರೆಗೆ ಇರಬಹುದು, ಅವುಗಳಲ್ಲಿ 16ನ್ನು ಟಿ.ವಿ. ಏಕಕಾಲಕ್ಕೆ ಬಿಡಿಸಬೇಕು. ಹಾಗಾಗಿ ಕನ್ನಡ, ಮಲಯಾಳ, ತುಳುಗಳ ಜೊತೆಗೆ ಇನ್ನೊಂದೆರಡು ಭಾಷೆಗಳಿಗೂ ಜಾಗ ಉಳಿಯುತ್ತದೆ.

ತುಳುವಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಟಿ.ವಿ. ತಾನಾಗಿ ಭಾಷೆಯನ್ನು ಗುರುತಿಸಬೇಕಾದರೆ ಮೆಟಾಡೇಟಾದಲ್ಲಿ ಭಾಷೆಯನ್ನು ಸೂಚಿಸುವ ಅಕ್ಷರಗಳ ಸಂಕೇತ ಇರಬೇಕು. ಇಂಥ ಸಂಕೇತಗಳ ಹಳೆಯ ಅಂತರರಾಷ್ಟ್ರೀಯ ಪಟ್ಟಿಯಾದ ಐಎಸ್‌ಒ 639-2ರಲ್ಲಿ ಕನ್ನಡಕ್ಕೂ ಮಲಯಾಳಕ್ಕೂ ಸ್ವಂತ ಸಂಕೇತಗಳಿವೆ, ತುಳುವಿಗಿಲ್ಲ; ವಿಸ್ತೃತವಾದ 639-3ರಲ್ಲಿ ಅದಕ್ಕೆ ಟಿ-ಸಿ-ವೈ ಎಂಬ ಸಂಕೇತವಿದೆ. ಪ್ರಸಾರಕರು ಯಾವ ಪಟ್ಟಿಯನ್ನು ಅನುಸರಿಸುತ್ತಾರೆ ಎಂಬುದು ತುಳುವರಿಗೆ ಸಣ್ಣ ವಿಷಯವಲ್ಲ. ಪರದೆಯ ಮೇಲೆ ಕಾಣುವ ಆಯ್ಕೆಗಳ ಹೆಸರುಗಳನ್ನು ಹಲವು ಭಾಷೆಗಳಲ್ಲಿ ಬರೆದು ಕಳುಹಿಸುವ ಏರ್ಪಾಡು ಎಂಪೆಗ್-ಎಚ್‌ನಲ್ಲಿದೆ. ‘ಮಾತು ಸ್ಪಷ್ಟವಾಗಿ’, ‘ಕ್ರೀಡಾಂಗಣದ ಸದ್ದು ಮಾತ್ರ’ ಎಂದು ಅಚ್ಚಕನ್ನಡದಲ್ಲಿಯೇ ಅವು ಕಾಣಿಸಿಕೊಳ್ಳಬಹುದು.

ಒಂದೇ ಕೋಣೆಯಲ್ಲಿ ಇಬ್ಬರು ಎರಡು ಭಾಷೆಗಳನ್ನು ಕೇಳಬೇಕಾದರೆ ಮಾತ್ರ ಒಬ್ಬರು ಹೆಡ್‌ಫೋನ್ ಹಾಕಿಕೊಳ್ಳಬೇಕು. ಟಿ.ವಿ.ಯೂ ಎರಡು ಬೆರಕೆಗಳನ್ನು ಒಟ್ಟಿಗೆ ತಯಾರಿಸುವಷ್ಟು ಶಕ್ತವಾಗಿರಬೇಕು.

ಒಂದೇ ಕೆಲಸಕ್ಕೆ ಎರಡು ಮಾನಕಗಳೇಕೆ? ಯಾವ ದೇಶ ಯಾವುದನ್ನು ಒಪ್ಪಿದೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಜೇಶ್ವರ

ಎಸಿ-4 ಡಾಲ್ಬಿ ಸಂಸ್ಥೆಯ ಅಭಿವೃದ್ಧಿ. ಯೂರೋಪಿನ ದೂರಸಂಪರ್ಕ ಮಾನಕ ಸಂಸ್ಥೆಯಾದ ಇಟಿಎಸ್‌ಐ ಅದನ್ನು 2014ರಲ್ಲಿ ಟಿಎಸ್ 103 190 ಎಂಬ ಸಂಖ್ಯೆಯಲ್ಲಿ ಪ್ರಕಟಿಸಿತು, ಸುತ್ತುಧ್ವನಿಗೂ ಆಬ್ಜೆಕ್ಟ್‌ಗಳಿಗೂ ಸಂಬಂಧಿಸಿದ ಎರಡನೆಯ ಭಾಗ 2015ರಲ್ಲಿ ಬಂತು. ಎಂಪೆಗ್-ಎಚ್ 3ಡಿ ಆಡಿಯೋ ಐಎಸ್‌ಒ/ಐಇಸಿ 23008-3 ಎಂಬ ಅಂತರರಾಷ್ಟ್ರೀಯ ಮಾನಕವಾಗಿ 2015ರಲ್ಲಿ ಹೊರಬಂತು. ಅದರ ಹಿಂದೆ ಜರ್ಮನಿಯ ಫ್ರೌನ್‌ಹೋಫರ್ ಐಐಎಸ್ ಸೇರಿದಂತೆ ಹಲವು ಸಂಸ್ಥೆಗಳ ಕೆಲಸವಿದೆ. ಅಮೆರಿಕದ ಎಟಿಎಸ್‌ಸಿ 3.0 ಪ್ರಸಾರ ಮಾನಕವು ಎ/342 ಎಂಬ ದಾಖಲೆಯಲ್ಲಿ ಎರಡಕ್ಕೂ ಸ್ಥಾನ ಕೊಟ್ಟು, ಆಯ್ಕೆಯನ್ನು ಆಯಾ ಪ್ರದೇಶಕ್ಕೆ ಬಿಟ್ಟಿತು. ಅಮೆರಿಕ ಎಸಿ-4ನ್ನು ಆರಿಸಿತು. ದಕ್ಷಿಣ ಕೊರಿಯ ಎಂಪೆಗ್-ಎಚ್ ಆರಿಸಿ, 2017ರ ಮೇ 31ರಂದು ಭೂಪ್ರಸಾರದ ಯುಎಚ್‌ಡಿ (ಅತಿಸ್ಪಷ್ಟ ಚಿತ್ರದ) ಟಿ.ವಿ.ಯನ್ನು ಆರಂಭಿಸಿತು. ಯೂರೋಪಿನ ಡಿಜಿಟಲ್ ಪ್ರಸಾರ ಮಾನಕಗಳನ್ನು ರೂಪಿಸುವ ಡಿವಿಬಿ ಎರಡನ್ನೂ ತನ್ನ ಪಟ್ಟಿಯಲ್ಲಿ ಇಟ್ಟುಕೊಂಡಿದೆ. ಬ್ರೆಜಿಲ್ ತನ್ನ ಟಿವಿ 3.0 ವ್ಯವಸ್ಥೆಗೆ ಎಂಪೆಗ್-ಎಚ್ ಆರಿಸಿತು, ಆ ವ್ಯವಸ್ಥೆಗೆ 2025ರ ಆಗಸ್ಟ್‌ನಲ್ಲಿ ಅಧ್ಯಕ್ಷರ ಆದೇಶವೂ ದೊರೆಯಿತು.

ಜಪಾನಿನ ದಾರಿ ಬೇರೆ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 2018ರ ಡಿಸೆಂಬರ್ 1ರಂದು ಆರಂಭಿಸಿದ 8ಕೆ ಉಪಗ್ರಹ ಚಾನಲ್‌ನಲ್ಲಿ 22.2 ಧ್ವನಿ ಇದೆ: ಮೇಲೆ 9, ನಡುವೆ 10, ಕೆಳಗೆ 3, ಜೊತೆಗೆ ತಗ್ಗಿನ ಸ್ವರಗಳಿಗೆ 2, ಒಟ್ಟು 24 ಚಾನಲ್‌ಗಳು. ಅದ್ಭುತವಾದ ಸಾಧನೆ ನಿಜ, ಆದರೆ ಅದು ಚಾನಲ್ ಆಧಾರಿತವಾದುದರಿಂದ ಪ್ರತಿ ಚಾನಲ್‌ಗೂ ಒಂದು ನಿಗದಿತ ಸ್ಪೀಕರ್ ಇರುತ್ತದೆ. ಆಬ್ಜೆಕ್ಟ್ ಪದ್ಧತಿಯಲ್ಲಿ ‘ಈ ಸದ್ದು ಎಡಕ್ಕೆ 30 ಡಿಗ್ರಿ, ಮೇಲಕ್ಕೆ 20 ಡಿಗ್ರಿ’ ಎಂಬ ಸ್ಥಾನ ಮಾತ್ರ ಬರುತ್ತದೆ, ಮನೆಯಲ್ಲಿ ಎರಡೇ ಸ್ಪೀಕರ್ ಇದ್ದರೂ ಹನ್ನೆರಡು ಇದ್ದರೂ ಟಿ.ವಿ. ಅದಕ್ಕೆ ತಕ್ಕಂತೆ ಹಂಚುತ್ತದೆ. ಬಡವರ ಮನೆಗೂ ಸಿರಿವಂತರ ಮನೆಗೂ ಒಂದೇ ಪ್ರಸಾರ ಸಲ್ಲುವುದರಿಂದ ನನಗೆ ಈ ದಾರಿಯೇ ಹೆಚ್ಚು ಸರಿ ಎನಿಸುತ್ತದೆ.

ಜಾಹೀರಾತು ಬಂದಾಗ ಧ್ವನಿ ದಿಢೀರನೆ ಜೋರಾಗುತ್ತದೆ, ಕೆಲವೊಮ್ಮೆ ‘ಟಕ್’ ಎಂದು ಕಡಿದು ಹೋಗುತ್ತದೆ. ಗ್ರಾಹಕರು ನಮ್ಮನ್ನು ದೂರುತ್ತಾರೆ.
— ಕೇಬಲ್ ನಿರ್ವಾಹಕ, ಹೊಸೂರು

ಇವು ಎರಡು ಬೇರೆ ತೊಂದರೆಗಳು. ಜೋರಿನ ಅಳತೆಗೆ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) 2006ರಲ್ಲಿ ಬಿಎಸ್.1770 ಎಂಬ ವಿಧಾನವನ್ನು ಕೊಟ್ಟಿದೆ. ಯೂರೋಪಿನ ಪ್ರಸಾರಕರು 2010ರಿಂದ ಮೈನಸ್ 23 ಎಲ್‌ಯುಎಫ್‌ಎಸ್ (ಆ ವಿಧಾನದ ಜೋರಿನ ಅಳತೆಮಾನ) ಮಟ್ಟವನ್ನು ಗುರಿಯಾಗಿಟ್ಟುಕೊಂಡರು, ಅಮೆರಿಕ ಕಾನೂನನ್ನೇ ಮಾಡಿ 2012ರ ಡಿಸೆಂಬರ್‌ನಿಂದ ಜಾರಿಗೆ ತಂದಿತು. ನಮ್ಮ ಕೇಬಲ್ ಟೆಲಿವಿಷನ್ ಜಾಲ ನಿಯಮಗಳಲ್ಲಿಯೂ ಜಾಹೀರಾತಿನ ಸದ್ದು ವಿಪರೀತವಾಗಿರಬಾರದು ಎಂದಿದೆ. ಹೊಸ ಮಾನಕಗಳಲ್ಲಿ ಪ್ರತಿ ಆಯ್ಕೆಯ ಜೋರಿನ ಮಟ್ಟವೂ ಮೆಟಾಡೇಟಾದಲ್ಲಿ ಬರುವುದರಿಂದ ಟಿ.ವಿ.ಯೇ ಎಲ್ಲವನ್ನೂ ಒಂದು ಸಮಕ್ಕೆ ತರಬಲ್ಲದು. ನೋಡುಗ ಮಾತನ್ನು ಏರಿಸಿದಾಗಲೂ ಒಟ್ಟು ಸದ್ದು ಏರದಂತೆ ಎಂಪೆಗ್-ಎಚ್ ಸರಿದೂಗಿಸುತ್ತದೆ.

ಚಿತ್ರವನ್ನೂ ಧ್ವನಿಯನ್ನೂ ಚೌಕಟ್ಟುಗಳೆಂಬ ಸಣ್ಣ ತುಣುಕುಗಳಾಗಿ ಕಳುಹಿಸುತ್ತಾರೆ. ಕಡಿತಕ್ಕೆ ಒಂದು ಮುಖ್ಯ ಕಾರಣ ಈ ಚೌಕಟ್ಟುಗಳ ಹೊಂದಾಣಿಕೆಯಿಲ್ಲದಿರುವುದು. ಸೆಕೆಂಡಿಗೆ 25 ಚಿತ್ರಗಳಿದ್ದಾಗ ಒಂದು ಚಿತ್ರದ ಅವಧಿ 40 ಮಿಲಿಸೆಕೆಂಡ್. ಹಿಂದಿನ ಸಂಕೇತನ ವಿಧಾನಗಳಾದ ಎಎಸಿ, ಎಸಿ-3ಗಳನ್ನು ನೋಡಿ: ಎಎಸಿಯ ಚೌಕಟ್ಟಿನಲ್ಲಿ 1024 ಮಾದರಿಗಳಿರುವುದರಿಂದ ಅದರ ಅವಧಿ ಸುಮಾರು 21.3 ಮಿಲಿಸೆಕೆಂಡ್, ಎಸಿ-3ರ ಚೌಕಟ್ಟಿನದು 32 ಮಿಲಿಸೆಕೆಂಡ್. ಚಿತ್ರ ಕೊನೆಗೊಳ್ಳುವ ಜಾಗದಲ್ಲಿ ಧ್ವನಿಯ ಚೌಕಟ್ಟು ಅರ್ಧದಲ್ಲಿರುತ್ತದೆ, ಜಾಹೀರಾತನ್ನು ಅಲ್ಲಿ ಜೋಡಿಸಿದಾಗ ಧ್ವನಿ ತುಂಡಾಗುತ್ತದೆ. ಎಸಿ-4ರಲ್ಲಿ ಧ್ವನಿಯ ಚೌಕಟ್ಟನ್ನು ಚಿತ್ರದ ಚೌಕಟ್ಟಿನ ಅಳತೆಗೇ ಇಡಬಹುದು. ಎಂಪೆಗ್-ಎಚ್‌ನಲ್ಲಿ ಚೌಕಟ್ಟಿನ ಅಂಚನ್ನು ಬೇಕಾದಲ್ಲಿಗೆ ಕತ್ತರಿಸುವ ಸೂಚನೆಯನ್ನು ಪ್ರವಾಹದಲ್ಲಿಯೇ ಕಳುಹಿಸುತ್ತಾರೆ. ಎರಡರಿಂದಲೂ ಆ ‘ಟಕ್’ ಇಲ್ಲವಾಗುತ್ತದೆ.

ಈಗ ಟಿ.ವಿ., ಸೌಂಡ್‌ಬಾರ್ ಕೊಳ್ಳುವವರು ಕಾಯಬೇಕೆ? ಅಟ್ಮಾಸ್ ಎಂದರೂ ಇದೇ ತಾನೆ?
— ಅಂಗಡಿ ಮಾಲೀಕ, ತಾಳವಾಡಿ

ಕಾಯುವ ಅಗತ್ಯವಿಲ್ಲ. ಡಾಲ್ಬಿ ಅಟ್ಮಾಸ್ ಎಂಬುದು ಸುತ್ತುಧ್ವನಿಯ ಒಂದು ಪದ್ಧತಿ; ಅದು ಒಟಿಟಿಗಳಲ್ಲಿ ಬಹುತೇಕ ಡಾಲ್ಬಿ ಡಿಜಿಟಲ್ ಪ್ಲಸ್ ಎಂಬ ಹಿಂದಿನ ಸಂಕೇತನದ ಮೂಲಕ ಬರುತ್ತದೆ, ಎಸಿ-4 ಮೂಲಕವೂ ಬರಬಲ್ಲದು. ಅಟ್ಮಾಸ್ ಮುದ್ರೆ ಇದ್ದ ಮಾತ್ರಕ್ಕೆ ಭಾಷೆ ಆರಿಸುವ, ಮಾತು ಏರಿಸುವ ಸೌಕರ್ಯ ಇದೆ ಎಂದು ತಿಳಿಯಬಾರದು. ಕೊಳ್ಳುವುದಾದರೆ ಇಎಆರ್‌ಸಿ (ಟಿ.ವಿ.ಯ ಧ್ವನಿಯನ್ನು ಸೌಂಡ್‌ಬಾರ್‌ಗೆ ಕಳುಹಿಸುವ ಸೌಲಭ್ಯ) ಇರುವ ಎಚ್‌ಡಿಎಂಐ ಪೋರ್ಟ್ ಇದೆಯೇ ಎಂದು ನೋಡಿ, ಅಷ್ಟು ಸಾಕು.

ಯಕ್ಷಗಾನ ಪ್ರಸಂಗಗಳನ್ನು ಧ್ವನಿಮುದ್ರಿಸುತ್ತಿದ್ದೇನೆ. ಇಂಥ ಪ್ರಸಾರಕ್ಕೆ ಹೊಂದುವಂತೆ ಈಗಿನಿಂದಲೇ ಹೇಗೆ ಮುದ್ರಿಸಿಡಬೇಕು?
— ಹವ್ಯಾಸಿ, ಮುಳ್ಳೇರಿಯ

ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಭಾಗವತಿಕೆಯನ್ನು ಮಾತ್ರ ಕೇಳಬೇಕೆನ್ನುವವರು, ಚೆಂಡೆ-ಮದ್ದಳೆಯ ನುಡಿತವನ್ನು ಬಿಡಿಬಿಡಿಯಾಗಿ ಕಲಿಯಬೇಕೆನ್ನುವವರು, ಅರ್ಥಗಾರಿಕೆಯ ಒಂದಕ್ಷರವೂ ತಪ್ಪಬಾರದೆನ್ನುವವರು ನಮ್ಮಲ್ಲಿ ಎಷ್ಟು ಮಂದಿ! ಆಬ್ಜೆಕ್ಟ್ ಪದ್ಧತಿ ಈ ಎಲ್ಲರಿಗೂ ಒಂದೇ ಮುದ್ರಣದಿಂದ ಒದಗಬಲ್ಲದು.

ಆದರೆ ತೆಂಕುತಿಟ್ಟಿನ ರಂಗಸ್ಥಳ ಧ್ವನಿಮುದ್ರಣಕ್ಕೆ ಸುಲಭದ ಜಾಗವಲ್ಲ. ಭಾಗವತರ ಮೈಕಿಗೆ ಅವರ ಸ್ವರದ ಜೊತೆಗೆ ಅವರದೇ ಜಾಗಟೆ, ಪಕ್ಕದ ಮದ್ದಳೆ, ನಿಂತು ಬಾರಿಸುವ ಚೆಂಡೆ ಎಲ್ಲವೂ ನುಗ್ಗುತ್ತವೆ. ಎರಡು ಮೀಟರ್ ದೂರದ ಚೆಂಡೆಯ ಪೆಟ್ಟು ಆ ಮೈಕನ್ನು ತಲುಪುವುದು ಸುಮಾರು 6 ಮಿಲಿಸೆಕೆಂಡ್ ತಡವಾಗಿ. ಚೆಂಡೆಯ ಸ್ವಂತ ಮೈಕಿನ ಸಂಕೇತಕ್ಕೆ ಇದು ಬೆರೆತಾಗ ಕೆಲವು ಕಂಪನಾಂಕಗಳು ಪರಸ್ಪರ ಅಳಿಸಿಕೊಂಡು ಚೆಂಡೆ ಟೊಳ್ಳಾಗಿ ಕೇಳಿಸುತ್ತದೆ. ಇನ್ನೊಂದು ಕಷ್ಟವೂ ಇದೆ. ಕೇಳುಗ ಭಾಗವತರ ಸ್ವರ ಏರಿಸಿದರೆ ಅದರೊಳಗೆ ನುಸುಳಿದ ಚೆಂಡೆಯೂ ಏರುತ್ತದೆ. ಆದ್ದರಿಂದ ಮೈಕನ್ನು ಬಾಯಿಗೆ ಎಷ್ಟು ಹತ್ತಿರ ಇಡಲು ಸಾಧ್ಯವೋ ಅಷ್ಟು ಹತ್ತಿರ ಇಡಿ, ಬದಿಯ ಸದ್ದನ್ನು ಕಡಿಮೆ ಹಿಡಿಯುವ ಮಾದರಿಯನ್ನು ಬಳಸಿ, ಎರಡು ಮೈಕುಗಳ ನಡುವಿನ ಅಂತರ ಮೈಕಿಗೂ ಮೂಲಕ್ಕೂ ಇರುವ ಅಂತರದ ಮೂರು ಪಟ್ಟಾದರೂ ಇರಲಿ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕುಳಿತೇ ಇರುವುದರಿಂದ ಇದನ್ನು ಪಾಲಿಸುವುದು ಎಷ್ಟೋ ಸುಲಭ. ಮೊದಲ ಪ್ರಯೋಗಕ್ಕೆ ಅದನ್ನೇ ಆರಿಸಿಕೊಳ್ಳಿ.

ಸಭೆಯ, ಬಯಲಿನ ವಾತಾವರಣ ಹಿಡಿಯಲು ಆಂಬಿಸಾನಿಕ್ ಮೈಕ್ ಒಂದನ್ನು ರಂಗಸ್ಥಳದ ಮುಂದೆ ಇಡಬಹುದು. 1970ರ ದಶಕದಲ್ಲಿ ಬ್ರಿಟನ್ನಿನ ಮೈಕೆಲ್ ಗೆರ್ಜನ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನ ಒಂದು ಬಿಂದುವಿಗೆ ಎಲ್ಲ ದಿಕ್ಕುಗಳಿಂದ ಬರುವ ಧ್ವನಿಯನ್ನು ದಾಖಲಿಸುತ್ತದೆ. ಮೊದಲ ದರ್ಜೆಗೆ 4, ಮೂರನೆಯ ದರ್ಜೆಗೆ 16 ಸಂಕೇತಗಳು ಬೇಕು. ಎಂಪೆಗ್-ಎಚ್ ಇದನ್ನೂ ಒಳಗೊಳ್ಳುತ್ತದೆ.

ಮುದ್ರಣ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿರಲಿ. ಬೆರೆಸಿದ ಕಡತವನ್ನು ಮಾತ್ರ ಉಳಿಸಿ ಬಿಡಿ ಟ್ರ್ಯಾಕ್‌ಗಳನ್ನು ಅಳಿಸುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ, ದಯವಿಟ್ಟು ಹಾಗೆ ಮಾಡಬೇಡಿ. ಐಟಿಯುವಿನ ಬಿಎಸ್.2076 ಮಾನಕವಾದ ಆಡಿಯೋ ಡೆಫಿನಿಷನ್ ಮಾಡೆಲ್ ಯಾವ ಟ್ರ್ಯಾಕ್ ಏನು ಎಂಬುದನ್ನು ಕಡತದೊಳಗೇ ಬರೆದಿಡುವ ಕ್ರಮವನ್ನು ಕೊಡುತ್ತದೆ. ಅದು ಯಾವುದೇ ಕಂಪನಿಗೆ ಸೇರಿದುದಲ್ಲವಾದ್ದರಿಂದ, ನಾಳೆ ಎಂಪೆಗ್-ಎಚ್ ಬಂದರೂ ಎಸಿ-4 ಬಂದರೂ ನಿಮ್ಮ ಸಂಗ್ರಹ ಕೆಲಸಕ್ಕೆ ಬರುತ್ತದೆ.

ನನಗೆ ದೃಷ್ಟಿ ಇಲ್ಲ. ಪರದೆಯ ಮೇಲೆ ನಡೆಯುವುದನ್ನು ಪಕ್ಕದಲ್ಲಿ ಕುಳಿತವರು ಹೇಳಬೇಕು. ನನಗೂ ಏನಾದರೂ ಉಪಯೋಗವಿದೆಯೆ?
— ಓದುಗರು, ಜತ್ ತಾಲ್ಲೂಕು

ಇದೆ. ದೃಶ್ಯವನ್ನು ಮಾತಿನಲ್ಲಿ ವಿವರಿಸುವ ಧ್ವನಿಯನ್ನು ಒಂದು ಆಬ್ಜೆಕ್ಟ್ ಆಗಿ ಕಳುಹಿಸಿದರೆ, ನೀವು ಅದನ್ನು ಹಾಕಿಕೊಂಡು ಬೇಕಾದ ಮಟ್ಟದಲ್ಲಿ ಕೇಳಬಹುದು. ಸಂಭಾಷಣೆ ಮುಂದಿನಿಂದ, ವಿವರಣೆ ಬದಿಯಿಂದ ಬರುವಂತೆ ಜಾಗ ಬದಲಿಸಿದರೆ ಎರಡೂ ಒಂದಕ್ಕೊಂದು ಅಡ್ಡಿಯಾಗುವುದಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೆಯ ಕಲಮು ಇಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಶ್ರಾವ್ಯ ವಿವರಣೆ ಒದಗಿಸಬೇಕೆಂದು ಹೇಳುತ್ತದೆ. ನೀವು ಕೇಳುತ್ತಿರುವುದು ಕಾಯ್ದೆಯೇ ಒಪ್ಪಿರುವ ಹಕ್ಕು.

ನಮ್ಮ ದೇಶಕ್ಕೆ ಇದು ಬರುವುದು ಹೇಗೆ? ಗಡಿಭಾಗದವರನ್ನು ಯಾರು ಕೇಳುತ್ತಾರೆ?
— ಕೃಷಿಕ, ಪೆರ್ಲ

ಮೊಬೈಲ್ ಜಾಲದ ನೆರವಿಲ್ಲದೆ ನೇರವಾಗಿ ಫೋನಿಗೆ ಟಿ.ವಿ. ತಲುಪಿಸುವ ಡಿ2ಎಂ ಪ್ರಯೋಗಗಳನ್ನು ಪ್ರಸಾರ ಭಾರತಿ, ಐಐಟಿ ಕಾನ್ಪುರ ಮತ್ತು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಸೇರಿ ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ನಡೆಸಿವೆ. ಅವು ಎಟಿಎಸ್‌ಸಿ 3.0 ತಂತ್ರವನ್ನೇ ಆಧರಿಸಿವೆ. ಇಂಥ ವ್ಯವಸ್ಥೆಯ ಚರ್ಚೆಯಲ್ಲಿ ತರಂಗಾಂತರ, ಚಿಪ್ಪಿನ ಬೆಲೆ, ಚಿತ್ರದ ಗುಣಮಟ್ಟಗಳಿಗೆ ಸಿಗುವಷ್ಟು ಜಾಗ ಧ್ವನಿಗೆ ಸಿಗುವುದಿಲ್ಲ. ಆದರೆ ಒಂದೇ ಗೋಪುರದ ವ್ಯಾಪ್ತಿಯಲ್ಲಿ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ ಮಾತಾಡುವವರೆಲ್ಲ ಇರುವ ನಮ್ಮ ಜಿಲ್ಲೆಗೆ, ಒಂದು ಪ್ರವಾಹದಲ್ಲಿ ಹಲವು ಭಾಷೆಗಳನ್ನು ಹೊರುವ ಧ್ವನಿ ಮಾನಕ ಕಡ್ಡಾಯವೋ ಐಚ್ಛಿಕವೋ ಎಂಬುದೇ ಮುಖ್ಯ ಪ್ರಶ್ನೆ. ಐಚ್ಛಿಕವಾದರೆ ಅಗ್ಗದ ಫೋನುಗಳಲ್ಲಿ ಅದು ಇರುವುದೇ ಇಲ್ಲ.

ಕೇಳುವ ದಾರಿ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ತನ್ನ ಸಮಾಲೋಚನಾ ಪತ್ರಗಳನ್ನು ಸಾರ್ವಜನಿಕವಾಗಿ ಪ್ರಕಟಿಸಿ ಯಾರಿಂದಲಾದರೂ ಅಭಿಪ್ರಾಯ ಸ್ವೀಕರಿಸುತ್ತದೆ. ಭಾರತೀಯ ಮಾನಕ ಬ್ಯೂರೋ ಕೂಡ ಟಿ.ವಿ. ಗ್ರಾಹಕಗಳ (ರಿಸೀವರ್‌ಗಳ) ಮಾನಕದ ಕರಡನ್ನು ಅಂತಿಮಗೊಳಿಸುವ ಮೊದಲು ಟೀಕೆಗಳಿಗೆ ಬಿಡುತ್ತದೆ. ಬರೆಯುವಾಗ ಮೂರು ಬೇಡಿಕೆಗಳನ್ನು ಸ್ಪಷ್ಟವಾಗಿ ಇಡಿ: ಗ್ರಾಹಕದಲ್ಲಿ ಬಹುಭಾಷಾ ಆಬ್ಜೆಕ್ಟ್‌ಗಳನ್ನು ಬಿಡಿಸುವ ಸಾಮರ್ಥ್ಯ ಕಡ್ಡಾಯವಾಗಿರಬೇಕು, ಭಾಷಾ ಸಂಕೇತಗಳಿಗೆ 639-3ರ ಪಟ್ಟಿಯನ್ನು ಒಪ್ಪಬೇಕು, ಮಾತನ್ನು ಏರಿಸುವ ಆಯ್ಕೆಯನ್ನು ಪ್ರಸಾರಕರು ಮುಚ್ಚಿಡಬಾರದು. ಗ್ರಾಮ ಪಂಚಾಯಿತಿಯೋ ಗ್ರಂಥಾಲಯವೋ ಕನ್ನಡ ಸಂಘವೋ ನಿರ್ಣಯದ ರೂಪದಲ್ಲಿ ಕಳುಹಿಸಲು ಇಚ್ಛಿಸಿದರೆ, ಕರಡು ಬರೆಯಲು ಈ ಅಂಕಣ ನೆರವಾಗುತ್ತದೆ. ಪತ್ರಿಕೆಯ ವಿಳಾಸಕ್ಕೆ ಬರೆಯಿರಿ.